ಕವಿತೆಯಿಂದ ಸ್ವಾತಂತ್ರ್ಯ ಬಂತೇ? ಪೋರ್ಚುಗೀಸ್ ಆಫ್ರಿಕದ ಕವಿಗಳ ಲೆಕ್ಕ

ಪ್ರಶ್ನೆ: ನಾನು ಎಂ.ಎ. ವಿದ್ಯಾರ್ಥಿನಿ. ತರಗತಿಯಲ್ಲಿ ಗಿನಿ-ಬಿಸಾವ್‌ನ ವಿಮೋಚನಾ ಹೋರಾಟದ ನಾಯಕ ಅಮಿಲ್ಕಾರ್ ಕಬ್ರಾಲ್ ಹೇಳಿದ ‘ರಾಷ್ಟ್ರವಿಮೋಚನೆ ಎಂಬುದೇ ಒಂದು ಸಂಸ್ಕೃತಿಯ ಕ್ರಿಯೆ’ ಎಂಬ ಮಾತಿನ ಚರ್ಚೆ ನಡೆಯಿತು. ಗೆಳೆಯನೊಬ್ಬ ನಕ್ಕುಬಿಟ್ಟ. ‘ಅಲ್ಲಿ ಅಕ್ಷರ ಬಲ್ಲವರೇ ಇರಲಿಲ್ಲ, ಕವಿತೆ ಓದಿದವರಾರು? ಗೆದ್ದದ್ದು ಬಂದೂಕು’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದು ಸರಿಯೇ? ಕವಿಗಳು ಅಧಿಕಾರಕ್ಕೆ ಬಂದ ಮೇಲೆ ಏನಾಯಿತು? ಈ ಕಥೆಗೂ ನಮ್ಮ ಕಡೆಗೂ ಏನಾದರೂ ನಂಟಿದೆಯೇ?

ಉತ್ತರ: ನಿಮ್ಮ ಗೆಳೆಯ ಅರ್ಧ ಸರಿ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡೋಣ. ಸಾಹಿತ್ಯದ ಮೇಷ್ಟ್ರುಗಳು, ನನ್ನನ್ನೂ ಸೇರಿಸಿ, ಈ ವಿಷಯ ಬಂದಾಗ ಸ್ವಲ್ಪ ಉಬ್ಬಿಹೋಗುತ್ತೇವೆ.

ಅಂಗೋಲ, ಮೊಜಾಂಬಿಕ್, ಗಿನಿ-ಬಿಸಾವ್ ಮೂರೂ ಕಡೆ ಪೋರ್ಚುಗೀಸರು ಮಾತುಕತೆಗೆ ಬಗ್ಗಲಿಲ್ಲ. 1959ರ ಆಗಸ್ಟ್ 3ರಂದು ಬಿಸಾವ್ ಬಂದರಿನ ಪಿಜಿಗಿಟಿಯಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ ಹಡಗುಕಟ್ಟೆಯ ಆಳುಗಳ ಮೇಲೆ ಗುಂಡು ಹಾರಿತು. ಸತ್ತವರು ಸುಮಾರು ಐವತ್ತು. ಕಬ್ರಾಲ್ ಕಟ್ಟಿದ ಪಕ್ಷ ಪಿ.ಎ.ಐ.ಜಿ.ಸಿ. ಪಟ್ಟಣದ ಮುಷ್ಕರ ಬಿಟ್ಟು ಹಳ್ಳಿಯ ಕಡೆ, ಆಯುಧದ ಕಡೆ ತಿರುಗಿದ್ದು ಆ ದಿನದ ನಂತರ. 1963ರ ಜನವರಿಯಲ್ಲಿ ಯುದ್ಧ ಆರಂಭವಾಯಿತು. 1973ರಲ್ಲಿ ವಿಮಾನ ಹೊಡೆದುರುಳಿಸುವ ಸೋವಿಯತ್ ಕ್ಷಿಪಣಿಗಳು ಹೋರಾಟಗಾರರ ಕೈಸೇರಿದ ಮೇಲೆ ಆಕಾಶವೂ ಪೋರ್ಚುಗೀಸರ ಕೈತಪ್ಪತೊಡಗಿತು. ಆ ವರ್ಷ ಸೆಪ್ಟೆಂಬರ್ 24ರಂದು ಗಿನಿ-ಬಿಸಾವ್ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಮುಗಿಯದ ಆಫ್ರಿಕದ ಯುದ್ಧಗಳಿಂದ ಬೇಸತ್ತ ಸೇನಾಧಿಕಾರಿಗಳೇ 1974ರ ಏಪ್ರಿಲ್ 25ರಂದು ಲಿಸ್ಬನ್ನಿನ ಸರ್ವಾಧಿಕಾರವನ್ನು ಉರುಳಿಸಿದರು. (ಆ ರಾತ್ರಿ ದಂಡಿಗೆ ಹೊರಡುವ ಸಂಕೇತವಾಗಿದ್ದು ರೇಡಿಯೊದಲ್ಲಿ ಹಾಕಿದ ಒಂದು ಹಾಡು. ಗೆಳೆಯನಿಗೆ ಇದನ್ನು ಹೇಳಿ ಕೆಣಕಬಹುದು, ಆದರೆ ಅದು ವಾದವಾಗುವುದಿಲ್ಲ.)

ಅಕ್ಷರದ ಮಾತೂ ನಿಜ. ಪೋರ್ಚುಗೀಸ್ ಕಾನೂನು ಆಫ್ರಿಕದವರನ್ನು ಎರಡು ಪಂಕ್ತಿಯಲ್ಲಿ ಕೂರಿಸಿತ್ತು. ಬಹುಪಾಲು ಜನ ‘ಇಂಡಿಜೆನ’, ಅಂದರೆ ನಾಡಾಡಿಗಳು. ಅವರಿಗೆ ಬಿಟ್ಟಿದುಡಿಮೆ, ತಲೆಗಂದಾಯ. ಪೋರ್ಚುಗೀಸ್ ಭಾಷೆ ತಪ್ಪಿಲ್ಲದೆ ಆಡಬಲ್ಲ, ಆದಾಯವಿರುವ, ನಡೆನುಡಿಯಲ್ಲಿ ‘ನಾಗರಿಕ’ ಎನಿಸಿಕೊಂಡ ಕೆಲವರು ‘ಅಸಿಮಿಲಾಡೊ’, ಅಂದರೆ ಪೋರ್ಚುಗೀಸರಂತಾದವರು. 1950ರ ಜನಗಣತಿಯಲ್ಲಿ ಅಂಗೋಲದ ನಲವತ್ತು ಲಕ್ಷ ಕಪ್ಪು ಜನರಲ್ಲಿ ಈ ಪಟ್ಟ ಸಿಕ್ಕಿದ್ದು ಸುಮಾರು 30,000 ಮಂದಿಗೆ. ನೂರಕ್ಕೆ ಒಬ್ಬರೂ ಇಲ್ಲ. ಅಂಗೋಲದ ಕವಿಗಳಲ್ಲಿ ಹಲವರು ಈ ಚಿಕ್ಕ ಪಂಕ್ತಿಯಿಂದ ಎದ್ದು ಬಂದವರು. ಬರೆದದ್ದು ಪೋರ್ಚುಗೀಸಿನಲ್ಲಿ. ಅವರ ಸಾಲುಗಳು ಹತ್ತಿಹೊಲದ ಕೂಲಿಯ ಕಿವಿಗೆ ಮುಟ್ಟಲಿಲ್ಲ.

ಹಾಗಾದರೆ ಮುಟ್ಟಿದ್ದು ಯಾರಿಗೆ? ಕವಿತೆ ಮೊದಲು ಬದಲಿಸಿದ್ದು ಕವಿಗಳನ್ನೇ ಎಂಬುದು ನನ್ನ ಉತ್ತರ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಆ ಕೆಲಸ ನಡೆಯದೆ ಹೋಗಿದ್ದರೆ ಬಂದೂಕು ಹಿಡಿಯಬೇಕೆಂದು ಹೇಳುವವರೇ ಇರುತ್ತಿರಲಿಲ್ಲ.

ಲಿಸ್ಬನ್‌ಗೆ ಹೋಗೋಣ. 1944ರಲ್ಲಿ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್‌ನ ಸರ್ಕಾರ ವಸಾಹತುಗಳ ವಿದ್ಯಾರ್ಥಿಗಳಿಗೆಂದು ‘ಸಾಮ್ರಾಜ್ಯ ವಿದ್ಯಾರ್ಥಿಗಳ ಮನೆ’ ಎಂಬ ಸಂಸ್ಥೆಗೆ ಆಸರೆ ಕೊಟ್ಟಿತು. ಊಟ, ವಸತಿ, ಒಂದಿಷ್ಟು ಸಾಂಸ್ಕೃತಿಕ ಚಟುವಟಿಕೆ ಕೊಟ್ಟರೆ ಹುಡುಗರು ಸಾಮ್ರಾಜ್ಯದ ಒಳ್ಳೆಯ ಗುಮಾಸ್ತರೂ ಡಾಕ್ಟರರೂ ಆಗುತ್ತಾರೆಂಬ ಲೆಕ್ಕ. ಆ ಹುಡುಗರಲ್ಲಿ ಕೇಪ್ ವರ್ಡೆಯಲ್ಲಿ ಬೆಳೆದು ಕೃಷಿವಿಜ್ಞಾನ ಓದಲು ಬಂದ ಕಬ್ರಾಲ್ ಇದ್ದ. ಅಂಗೋಲದ ಪಾದ್ರಿಯ ಮಗ, ವೈದ್ಯಕೀಯ ಓದುತ್ತಿದ್ದ ಅಗಸ್ಟಿನ್ಹೊ ನೆಟೊ ಇದ್ದ. ಭಾಷಾಶಾಸ್ತ್ರದ ಮಾರಿಯೊ ಪಿಂಟೊ ಡಿ ಅಂದ್ರಾಡೆ ಇದ್ದ. ಮೂವರೂ ಕವಿತೆ ಬರೆಯುತ್ತಿದ್ದರು. 1951ರ ಹೊತ್ತಿಗೆ ಇವರು ಸಾವೊ ಟೊಮೆ ದ್ವೀಪದ ಎಸ್ಪಿರಿಟೊ ಸ್ಯಾಂಟೊ ಕುಟುಂಬದ ಮನೆಯಲ್ಲಿ ಸೇರತೊಡಗಿದರು. ಆ ಮನೆಯ ಕವಯಿತ್ರಿ ಆಲ್ಡಾ, ಮೊಜಾಂಬಿಕ್‌ನ ನೊಯೆಮಿಯಾ ಡಿ ಸೋಜಾ ಕೂಡ ಆ ಗುಂಪಿನವರು. ಆಫ್ರಿಕದ ಭೂಗೋಳ, ಬೇಸಾಯ, ಭಾಷೆ, ಹಾಡು ಕುರಿತು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಶಾಲೆಯಲ್ಲಿ ಪೋರ್ಚುಗಲ್ಲಿನ ನದಿಗಳ ಹೆಸರು ಬಾಯಿಪಾಠ ಮಾಡಿದ್ದ ಇವರು ತಮ್ಮ ಊರಿನ ಹೊಳೆಗಳ ಬಗ್ಗೆ ಪರದೇಶದ ಬಾಡಿಗೆ ಮನೆಯೊಂದರಲ್ಲಿ ಕೂತು ಕಲಿಯಬೇಕಾಯಿತು.

1953ರಲ್ಲಿ ಅಂದ್ರಾಡೆ ಮತ್ತು ಸಾವೊ ಟೊಮೆಯ ಫ್ರಾನ್ಸಿಸ್ಕೊ ಟೆನ್ರೇರೊ ಸೇರಿ ಪೋರ್ಚುಗೀಸ್ ನುಡಿಯ ಕಪ್ಪುಜನರ ಕಾವ್ಯದ ಒಂದು ಪುಟ್ಟ ಸಂಕಲನ ತಂದರು. ಅತ್ತ ಅಂಗೋಲದ ರಾಜಧಾನಿ ಲುವಾಂಡದಲ್ಲಿ ವಿರಿಯಾಟೊ ಡ ಕ್ರೂಜ್ ಮತ್ತು ಗೆಳೆಯರು 1948ರಲ್ಲೇ ‘ಅಂಗೋಲವನ್ನು ಕಂಡುಕೊಳ್ಳೋಣ’ ಎಂದು ಹೊರಟಿದ್ದರು. ತಮ್ಮ ಊರನ್ನೇ ಕಂಡುಕೊಳ್ಳಬೇಕಾದ ಸ್ಥಿತಿ ಯಾರದು ಎಂದು ಯೋಚಿಸಿ ನೋಡಿ. ಅವರು 1951ರಲ್ಲಿ ಹೊರಡಿಸಿದ ‘ಮೆನ್ಸಾಜೆಂ’ ಪತ್ರಿಕೆ ಮರುವರ್ಷವೇ ನಿಂತುಹೋಯಿತು. ಪತ್ರಿಕೆ ಸತ್ತರೂ ಅದರ ಗುಂಪು ಚದುರಲಿಲ್ಲ. ಮುಂದೆ ಅಂಗೋಲದ ವಿಮೋಚನಾ ಪಕ್ಷ ಎಂ.ಪಿ.ಎಲ್.ಎ.ಯನ್ನು ಕಟ್ಟಿ ನಡೆಸಿದ ಹಲವರು ಇಲ್ಲಿಂದಲೇ ಬಂದರು. ಅಂದ್ರಾಡೆ ಅದರ ಅಧ್ಯಕ್ಷನಾದ, ವಿರಿಯಾಟೊ ಕಾರ್ಯದರ್ಶಿಯಾದ. ಸಂಪಾದಕ ಮಂಡಳಿಯೇ ರಾಜಕೀಯ ಪಕ್ಷವಾದ ಇಂಥ ಇನ್ನೊಂದು ಉದಾಹರಣೆ ನನಗೆ ತಟ್ಟನೆ ನೆನಪಾಗುತ್ತಿಲ್ಲ.

ಇನ್ನು ಕಬ್ರಾಲನ ಮಾತಿಗೆ ಬರೋಣ. ಅದು 1970ರ ಫೆಬ್ರವರಿ 20ರಂದು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದ್ದು. ಸಂದರ್ಭ ಒಂದು ಸ್ಮಾರಕ ಉಪನ್ಯಾಸ. ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಆಮೇಲೆ ಮೊಜಾಂಬಿಕ್ ಹೋರಾಟದ ನಾಯಕನಾದ ಎಡುವಾರ್ಡೊ ಮೊಂಡ್ಲಾನೆ ಹಿಂದಿನ ವರ್ಷ ದಾರ್ ಎಸ್ ಸಲಾಮ್‌ನಲ್ಲಿ ಪಾರ್ಸೆಲ್ ಬಾಂಬಿಗೆ ಬಲಿಯಾಗಿದ್ದ. ಕಬ್ರಾಲ್ ಶುರುಮಾಡಿದ್ದು ‘ಸಂಸ್ಕೃತಿ ಎಂಬ ಪದ ಕೇಳಿದರೆ ನನ್ನ ಕೈ ಪಿಸ್ತೂಲಿಗೆ ಹೋಗುತ್ತದೆ’ ಎಂಬ, ನಾಜಿ ಪ್ರಚಾರ ಮಂತ್ರಿ ಗೊಬೆಲ್ಸ್‌ನದೆಂದು ಎಲ್ಲರೂ ಹೇಳುವ ಮಾತಿನಿಂದ. (ಅದು ಗೊಬೆಲ್ಸ್‌ನದಲ್ಲ, ಹಾನ್ಸ್ ಯೋಸ್ಟ್ ಎಂಬ ನಾಜಿ ನಾಟಕಕಾರನ ಪಾತ್ರವೊಂದು ಆಡುವ ಮಾತಿನ ರೂಪಾಂತರ. ಪ್ರಬಂಧದಲ್ಲಿ ಬಳಸುವುದಾದರೆ ಎಚ್ಚರ.) ಅಲ್ಲಿಂದ ಅವನ ತರ್ಕ ಹೀಗೆ ಸಾಗುತ್ತದೆ. ಪರರು ಬಂದು ಒಂದು ಜನವನ್ನು ಆಳಬೇಕಾದರೆ ಆ ಜನದ ಚರಿತ್ರೆಯ ನಡೆಯನ್ನೇ ತಡೆಯಬೇಕು. ಆದರೆ ಜನ ಬದುಕಿರುವವರೆಗೂ ಅವರ ಬದುಕಿನ ರೀತಿ ಉಳಿದಿರುತ್ತದೆ. ಅದು ಉಳಿದಿದ್ದರೆ ಎದುರು ನಿಲ್ಲುವ ಬೀಜವೂ ಉಳಿದಿರುತ್ತದೆ. ಆಳುವವನಿಗೆ ನೆಮ್ಮದಿ ಬೇಕೆಂದರೆ ಜನರನ್ನೆಲ್ಲ ಮುಗಿಸಬೇಕು, ಮುಗಿಸಿದರೆ ದುಡಿಯುವವರಾರು? ಇಲ್ಲವೇ ತನ್ನ ಆಳ್ವಿಕೆಯನ್ನು ಅವರ ಸಂಸ್ಕೃತಿಗೆ ಹೊಂದಿಸಿಕೊಳ್ಳಬೇಕು. ಅದು ಚರಿತ್ರೆಯಲ್ಲಿ ಎಲ್ಲೂ ಆಗಿಲ್ಲ. ‘ಅಸಿಮಿಲಾಡೊ’ ಎಂಬ ಪಟ್ಟ ಆ ಇಕ್ಕಟ್ಟಿನಿಂದ ಪಾರಾಗಲು ಹೂಡಿದ ಒಂದು ಆಟ.

ಇಲ್ಲಿ ಕವಿತೆ, ಕಥೆ, ನಾಟಕದ ಮಾತು ಎಷ್ಟು ಕಡಿಮೆ ಇದೆ ಗಮನಿಸಿ. ಕಬ್ರಾಲನಿಗೆ ಸಂಸ್ಕೃತಿ ಎಂದರೆ ಗದ್ದೆಗೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟುವ ಬಗೆಯೂ ಹೌದು, ಊರಿನ ಜಗಳ ಯಾರು ತೀರಿಸುತ್ತಾರೆ ಎಂಬುದೂ ಹೌದು. ಅವನಿಗೆ ಇದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಸರ್ಕಾರಿ ನೌಕರನಾಗಿ 1953ರಲ್ಲಿ ಗಿನಿ-ಬಿಸಾವ್‌ನ ಕೃಷಿ ಗಣತಿ ನಡೆಸಿದವನೇ ಅವನು. ಆಳುವವರ ಸಂಬಳದಲ್ಲೇ ಊರೂರು ಸುತ್ತಿದ. ಭತ್ತ ಬೆಳೆಯುವ ಬಲಾಂಟರಲ್ಲಿ ಅರಸರಿಲ್ಲ, ಒಡೆಯರಿಲ್ಲ, ಹಿರಿಯರ ಕೂಟವೇ ಎಲ್ಲ. ಫುಲಾ ಜನರಲ್ಲಿ ಮುಖಂಡರ ಕೈ ಮೇಲು, ಆ ಮುಖಂಡರಿಗೆ ಪೋರ್ಚುಗೀಸರ ಜೊತೆ ಹೊಂದಾಣಿಕೆ. ಇದೆಲ್ಲ ಆಗಲೇ ಅವನಿಗೆ ಗೊತ್ತಾಗಿತ್ತು. ಹತ್ತು ವರ್ಷದ ನಂತರ ಯುದ್ಧ ಶುರುವಾದಾಗ ಮೊದಲು ಬೆನ್ನಿಗೆ ನಿಂತವರು ಬಲಾಂಟರು. ಫುಲಾ ಮುಖಂಡರಲ್ಲಿ ಬಹುಪಾಲು ಆಚೆ ನಿಂತರು.

ಯುದ್ಧಕ್ಕೆ ಮೊದಲು ನೆರೆಯ ಗಿನಿ ದೇಶದ ರಾಜಧಾನಿ ಕೊನಾಕ್ರಿಯಲ್ಲಿ ಅವನು ತರುಣರಿಗೆ ಕೊಟ್ಟ ತರಬೇತಿ ಒಂಥರ ನಾಟಕದ ತಾಲೀಮು. ಒಬ್ಬ ಊರ ಹಿರಿಯನಾಗಬೇಕು, ಇನ್ನೊಬ್ಬ ಕಾರ್ಯಕರ್ತನಾಗಿ ಊರಿಗೆ ಬರಬೇಕು. ಹೇಗೆ ನಮಸ್ಕರಿಸುತ್ತಾನೆ, ಎಲ್ಲಿ ಕೂರುತ್ತಾನೆ, ಮಾತು ಎಲ್ಲಿಂದ ಎತ್ತುತ್ತಾನೆ ಎಂಬುದನ್ನು ಕಬ್ರಾಲ್ ತಿದ್ದುತ್ತಿದ್ದ. ‘ಸಾಮ್ರಾಜ್ಯಶಾಹಿ’ ಎಂದು ಬಾಯಿ ಬಿಟ್ಟರೆ ಮತ್ತೆ ಮೊದಲಿಂದ. ಈ ವರ್ಷ ಶೇಂಗಾಕ್ಕೆ ಏನು ಬೆಲೆ ಕೊಟ್ಟರು, ಕಂದಾಯ ಎಷ್ಟು ಕಟ್ಟಿದಿರಿ ಎಂದು ಕೇಳಬೇಕು. ‘ಜನ ಯಾರದೋ ತಲೆಯೊಳಗಿನ ವಿಚಾರಗಳಿಗಾಗಿ ಹೋರಾಡುವುದಿಲ್ಲ, ಚೆನ್ನಾಗಿ ಬದುಕಲು, ಮಕ್ಕಳಿಗೆ ಒಳ್ಳೆಯ ನಾಳೆ ಸಿಗಲೆಂದು ಹೋರಾಡುತ್ತಾರೆ’ ಎಂಬರ್ಥದ ಮಾತನ್ನು 1965ರಲ್ಲಿ ತನ್ನ ಕಾರ್ಯಕರ್ತರಿಗೆ ಬರೆದದ್ದು ಇದೇ ಕಬ್ರಾಲ್. ನಿಮ್ಮ ತರಗತಿಯಲ್ಲಿ ಒಂದೇ ವಾಕ್ಯ ಬಂದಿರುವುದು ಬೇಸರದ ಸಂಗತಿ. ಎರಡನ್ನೂ ಜೊತೆಗಿಟ್ಟು ಓದಿದರೆ ಮಾತ್ರ ಅವನು ಸಿಗುತ್ತಾನೆ.

‘ಮೂಲಕ್ಕೆ ಮರಳು’ ಎಂಬ ಘೋಷಣೆಯ ಬಗ್ಗೆಯೂ ಅವನಿಗೆ ಗುಮಾನಿ ಇತ್ತು. ಪ್ಯಾರಿಸ್ಸು, ಲಿಸ್ಬನ್ನುಗಳಲ್ಲಿ ಓದಿದವರು ಆಫ್ರಿಕದ ಪುರಾತನ ಹಿರಿಮೆಯನ್ನು ಹಾಡುತ್ತಿದ್ದ ಕಾಲ ಅದು. ಊರು ಬಿಟ್ಟೇ ಇಲ್ಲದವನಿಗೆ ಊರಿಗೆ ಮರಳುವ ಮಾತೇಕೆ? ಹಳ್ಳಿಯ ರೈತ ತನ್ನ ಭಾಷೆಯನ್ನಾಗಲಿ ದೇವರನ್ನಾಗಲಿ ಕಳೆದುಕೊಂಡಿರಲಿಲ್ಲ. ಪೋರ್ಚುಗೀಸ್ ಶಾಲೆ ಅವನ ಹತ್ತಿರ ಸುಳಿದೇ ಇರಲಿಲ್ಲ. ಕಳೆದುಕೊಂಡವನು ಓದಿದವನು. ಮರಳುವುದು ಅವನ ತೊಂದರೆ, ಅದೂ ಹೋರಾಟದಲ್ಲಿ ಕೈಜೋಡಿಸಿದರೆ ಮಾತ್ರ ನಿಜವಾದ ಮರಳುವಿಕೆ ಎಂದು ಅವನು 1972ರಲ್ಲಿ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಹೇಳಿದ. ಕವಿತೆ ಮೊದಲು ಕವಿಯನ್ನೇ ಬದಲಿಸಿತು ಎಂದೆನಲ್ಲ, ಅದಕ್ಕೆ ಇದೇ ಆಧಾರ.

ಸಂಸ್ಕೃತಿಯನ್ನು ಬಳಸುವುದು ಆಳುವವರಿಗೂ ಗೊತ್ತಿತ್ತು. ಬ್ರೆಜಿಲ್‌ನ ಹೆಸರಾಂತ ಸಮಾಜಶಾಸ್ತ್ರಜ್ಞ ಜಿಲ್ಬೆರ್ಟೊ ಫ್ರೇರೆಯನ್ನು ಪೋರ್ಚುಗೀಸ್ ಸರ್ಕಾರ 1951-52ರಲ್ಲಿ ತನ್ನ ವಸಾಹತುಗಳನ್ನು ನೋಡಿಬರಲು ಕರೆಸಿತು. ಆತ ಗೋವೆಗೂ ಬಂದ. ಪೋರ್ಚುಗೀಸರು ಬೇರೆ ಬಿಳಿಯರಂತಲ್ಲ, ಉಷ್ಣವಲಯದ ಜನರೊಡನೆ ಬೆರೆತುಹೋಗುತ್ತಾರೆ ಎಂಬ ಅವನ ಸಿದ್ಧಾಂತ ಸಲಜಾರ್ ಸರ್ಕಾರಕ್ಕೆ ವಿಶ್ವಸಂಸ್ಥೆಯಲ್ಲಿ ಗುರಾಣಿಯಾಯಿತು. ಅದಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು 1955ರಲ್ಲಿ, ಪ್ಯಾರಿಸ್ಸಿನ ‘ಪ್ರೆಸಾನ್ಸ್ ಆಫ್ರಿಕೆನ್’ ಪತ್ರಿಕೆಯಲ್ಲಿ, ಬುವಾಂಗಾ ಫೆಲೆ ಎಂಬ ಹೆಸರಿನಲ್ಲಿ. ಆ ಗುಪ್ತನಾಮದ ಹಿಂದೆ ಇದ್ದವನು ನಮ್ಮ ಅಂದ್ರಾಡೆ. ಬರಹಗಾರ ಹೋರಾಟಕ್ಕೆ ನೇರವಾಗಿ ಉಪಯೋಗಕ್ಕೆ ಬಂದ ಸಂದರ್ಭ ಬೇಕೆಂದರೆ ನಾನು ಕವಿತೆಗಳಿಗಿಂತ ಮೊದಲು ಈ ಲೇಖನವನ್ನು ತೋರಿಸುತ್ತೇನೆ. 1968ರಲ್ಲಿ ಗಿನಿ-ಬಿಸಾವ್‌ಗೆ ಗವರ್ನರ್ ಆಗಿ ಬಂದ ಜನರಲ್ ಸ್ಪಿನೊಲಾ ಇನ್ನೂ ಜಾಣ. ಒಂದೊಂದು ಬುಡಕಟ್ಟಿನ ಮುಖಂಡರನ್ನೂ ಕರೆಸಿ ‘ಜನರ ಮಹಾಸಭೆ’ ನಡೆಸಿ, ನಿಮ್ಮ ಆಚಾರ ನಿಮಗಿರಲಿ, ಕಬ್ರಾಲನ ಪಕ್ಷದವರನ್ನು ದೂರವಿಡಿ ಎಂದ. ಸಂಸ್ಕೃತಿ ಎಂದ ಕೂಡಲೇ ವಿಮೋಚನೆ ಎಂದು ತಿಳಿಯುವವರು ಸ್ಪಿನೊಲಾನನ್ನು ಮರೆಯಬಾರದು.

ಅಕ್ಷರವಿಲ್ಲದ ಜನರನ್ನು ಮುಟ್ಟಿದ್ದು ಏನು ಎಂದು ನಿಮ್ಮ ಗೆಳೆಯ ಕೇಳಿದರೆ, ರೇಡಿಯೊ ಎನ್ನಿ. 1967ರಿಂದ ಕೊನಾಕ್ರಿಯಲ್ಲಿ ಪಿ.ಎ.ಐ.ಜಿ.ಸಿ.ಯ ‘ವಿಮೋಚನಾ ರೇಡಿಯೊ’ ನಡೆಯಿತು. ಪೋರ್ಚುಗೀಸಿನ ಜೊತೆಗೆ, ಊರೂರಿನವರು ಸಂತೆಯಲ್ಲಿ ಆಡುವ ಬೆರಕೆ ಭಾಷೆ ಕ್ರಿಯೋಲ್, ಮತ್ತೆ ಬುಡಕಟ್ಟುಗಳ ನುಡಿಗಳು. ಪೋರ್ಚುಗೀಸ್ ಸಿಪಾಯಿಗಳಿಗೆಂದೇ ಒಂದು ಕಾರ್ಯಕ್ರಮವಿತ್ತು. ಅದನ್ನು ನಡೆಸುತ್ತಿದ್ದ ಅಮೆಲಿಯಾ ಅರಾವುಜೊಗೆ ಆ ಸಿಪಾಯಿಗಳೇ ‘ಮರಿಯಾ ಟುರ್ರಾ’ ಎಂದು ಅಡ್ಡಹೆಸರಿಟ್ಟರು. ‘ಟುರ್ರಾ’ ಅವರ ಬಾಯಲ್ಲಿ ಭಯೋತ್ಪಾದಕರಿಗೆ ಇದ್ದ ಬೈಗುಳ. ಬೈಯುತ್ತಲೇ ಕೇಳುತ್ತಿದ್ದರು. ಈ ರೇಡಿಯೊವನ್ನು ಕಬ್ರಾಲ್ ‘ಬಾಯಿಯ ಫಿರಂಗಿ’ ಎಂದು ಕರೆಯುತ್ತಿದ್ದ. ಬಿಸಾವ್ ಪಟ್ಟಣದೊಳಗೆ ಜೋಸೆ ಕಾರ್ಲೋಸ್ ಶ್ವಾರ್ಜ್ ಎಂಬ ತರುಣ ಪೋರ್ಚುಗೀಸ್ ಬಿಟ್ಟು ಕ್ರಿಯೋಲ್‌ನಲ್ಲಿ ಹಾಡತೊಡಗಿದ. ಪೊಲೀಸರು ಅವನನ್ನು ಗಲಿನ್ಹಾಸ್ ದ್ವೀಪದ ಸೆರೆಗೆ ಕಳಿಸಿದರು. ನೂರು ಪುಟದ ಕವನಸಂಕಲನವನ್ನು ಕಪಾಟಿನಲ್ಲಿ ಸಹಿಸಬಹುದು, ಓಣಿಯಲ್ಲಿ ಎಲ್ಲರಿಗೂ ಅರ್ಥವಾಗುವ ಹಾಡನ್ನು ಸಹಿಸುವುದು ಕಷ್ಟ.

ಪುಸ್ತಕಕ್ಕೆ ಬೆದರಿದ್ದೂ ಇದೆ, ಅದೂ ಭಾಷೆಯ ಕಾರಣಕ್ಕೆ. ಪೋರ್ಚುಗಲ್‌ನಲ್ಲಿ ಹುಟ್ಟಿ ಲುವಾಂಡದ ಕೊಳೆಗೇರಿಗಳಲ್ಲಿ ಬೆಳೆದ ಬಿಳಿಯ ಲುವಾಂಡಿನೊ ವಿಯೆರಾ ಸೆರೆಯಲ್ಲಿದ್ದುಕೊಂಡೇ ‘ಲುವುವಾಂಡ’ ಎಂಬ ಕಥಾಸಂಕಲನ ಬರೆದ. ಅದರ ಪೋರ್ಚುಗೀಸಿನಲ್ಲಿ ಕಿಂಬುಂಡು ಭಾಷೆ ಎಲ್ಲೆಲ್ಲೂ ಇಣುಕುತ್ತದೆ, ಒಡೆಯರ ವ್ಯಾಕರಣ ಕೇರಿಯ ಬಾಯಲ್ಲಿ ಬಳುಕುತ್ತದೆ. 1965ರಲ್ಲಿ ಪೋರ್ಚುಗೀಸ್ ಲೇಖಕರ ಸಂಘ ಈ ಕೃತಿಗೆ ಬಹುಮಾನ ಘೋಷಿಸಿದಾಗ ಲೇಖಕ ಕೇಪ್ ವರ್ಡೆಯ ಟರ್ರಾಫಾಲ್ ಶಿಬಿರದಲ್ಲಿ ಕೈದಿ. ಸಂಘದ ಕಚೇರಿಗೆ ನುಗ್ಗಿ ಪುಡಿಮಾಡಿದರು, ಸರ್ಕಾರ ಸಂಘವನ್ನೇ ಮುಚ್ಚಿತು. ಅದೇ ವರ್ಷ ‘ಸಾಮ್ರಾಜ್ಯ ವಿದ್ಯಾರ್ಥಿಗಳ ಮನೆ’ಗೂ ಬೀಗ ಬಿತ್ತು.

ಕವಿ ಎಂಬ ಹೆಸರು ಇನ್ನೊಂದು ರೀತಿಯಲ್ಲೂ ಕೆಲಸಕ್ಕೆ ಬಂತು, ಅದನ್ನು ಸಣ್ಣದೆಂದು ತಳ್ಳಬಾರದು. ನೆಟೊ ಸೆರೆಯಾದಾಗ ಬಿಡುಗಡೆಗೆ ಮನವಿ ಮಾಡಿದವರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಸಾರ್ತ್ರ್, ಕ್ಯೂಬದ ಕವಿ ನಿಕೊಲಾಸ್ ಗಿಯೆನ್ ಮುಂತಾದವರಿದ್ದರು. 1960ರಲ್ಲಿ ಮತ್ತೆ ಹಿಡಿದಾಗ ಅವನ ಊರಿನವರು ಪ್ರತಿಭಟಿಸಿ ಗುಂಡಿಗೆ ಸತ್ತರು. 1961ರ ಮೇ 28ರಂದು ಲಂಡನ್ನಿನ ಪತ್ರಿಕೆಯೊಂದರಲ್ಲಿ ‘ಮರೆತುಹೋದ ಕೈದಿಗಳು’ ಎಂಬ ಲೇಖನ ಬಂತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹುಟ್ಟಿದ್ದು ಅದರಿಂದ. ಅದರಲ್ಲಿ ಹೆಸರಿಸಿದ ಕೈದಿಗಳಲ್ಲಿ ನೆಟೊ ಒಬ್ಬ. ಹೆಸರಿಲ್ಲದ ರೈತ ಗುಂಡಿಗೆ ಸತ್ತರೆ ಲಂಡನ್ ಓದುವುದಿಲ್ಲ, ಕವಿ ಜೈಲಿಗೆ ಹೋದರೆ ಓದುತ್ತದೆ. ನ್ಯಾಯವಲ್ಲ, ಆದರೆ ನಡೆದದ್ದು ಹಾಗೆ.

ಈಗ ಗೋವೆಯ ಕಡೆಯ ನಂಟು. ಸಾಲಾಗಿ ಎಣಿಸಿದರೆ ಅಂದ್ರಾಡೆಗಿಂತ ಮೊದಲೇ ಈ ವಾದ ಹೂಡಿದವರು ನಮ್ಮ ನೆರೆಯವರು. ಚಂದೋರ್ ಗ್ರಾಮದ ಟ್ರಿಸ್ಟಾವೊ ಬ್ರಗಾಂಜಾ ಕುನ್ಹಾ 1944ರಲ್ಲೇ ಗೋವೆಯವರು ಹೇಗೆ ತಮ್ಮತನ ಕಳೆದುಕೊಂಡರು ಎಂದು ಒಂದು ಕಿರುಪುಸ್ತಕ ಬರೆದರು. 1946ರಲ್ಲಿ ಮಿಲಿಟರಿ ನ್ಯಾಯಾಲಯ ಅವರಿಗೆ ಎಂಟು ವರ್ಷ ಶಿಕ್ಷೆ ವಿಧಿಸಿ ಪೋರ್ಚುಗಲ್ಲಿನ ಪೆನಿಷೆ ಕೋಟೆಗೆ ಸಾಗಿಸಿತು. 1961ರ ಏಪ್ರಿಲ್‌ನಲ್ಲಿ ಪೋರ್ಚುಗೀಸ್ ವಸಾಹತುಗಳ ಹೋರಾಟಗಾರರೆಲ್ಲ ಕಾಸಾಬ್ಲಾಂಕಾದಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡರು. ಅದಕ್ಕೆ ದುಡಿದವರಲ್ಲಿ ಗೋವೆಯಲ್ಲಿ ಹುಟ್ಟಿದ ಅಕಿನೊ ಡಿ ಬ್ರಗಾಂಸಾ ಒಬ್ಬರು. ಮುಂದೆ ಮೊಜಾಂಬಿಕ್ ಅವರ ದೇಶವಾಯಿತು. 1986ರಲ್ಲಿ ಅಧ್ಯಕ್ಷ ಸಮೊರಾ ಮಶೆಲ್ ಜೊತೆ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಕರ್ನಾಟಕದ ನಂಟು ಬೇಕೆಂದರೆ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಬನ್ನಿ. 1955ರ ನವೆಂಬರ್‌ನಲ್ಲಿ ಗೋವೆಯ ಬಿಡುಗಡೆಗಾಗಿ ಗುಪ್ತ ರೇಡಿಯೊ ಒಂದು ಅಂಬೋಲಿ ಘಟ್ಟದ ಕಾಡಿನಲ್ಲಿ ಆರಂಭವಾಯಿತು. ಕೊಂಕಣಿಯಲ್ಲಿ ‘ಗೊಂಯಚೆ ಸಡವಣೆಚೊ ಆವಾಜ್’. ಆಮೇಲೆ ಅದು ಕ್ಯಾಸಲ್‌ರಾಕ್ ಕಡೆಯ ಕಾಡಿಗೆ ಬಂತು. ನಡೆಸಿದವರು ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ. ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ, 1961ರ ಡಿಸೆಂಬರ್‌ವರೆಗೆ. ಕೊನಾಕ್ರಿಯ ರೇಡಿಯೊಗಿಂತ ಹನ್ನೆರಡು ವರ್ಷ ಮೊದಲು ಅದೇ ಎರಡು ಬಗೆಯ ಕೇಳುಗರಿಗೆ, ಮನೆಮಾತಿನವರಿಗೂ ಆಳುವವರಿಗೂ, ಮಾತಾಡಿದ ದನಿ ನಮ್ಮ ಘಟ್ಟದಲ್ಲಿತ್ತು. ಗೋವೆ ಬಿಡುಗಡೆಯಾದಾಗ ಇಬ್ಬರೂ ವಿಮಾನದಲ್ಲಿ ಹಾರಾಡಿ ಧ್ವನಿವರ್ಧಕದಲ್ಲಿ ಸುದ್ದಿ ಸಾರಿದರು, ಕರಪತ್ರ ಚೆಲ್ಲಿದರು. ಲಿಬಿಯಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಕೊನೆಯದು, ಕವಿಗಳ ಸರ್ಕಾರ. ಇಲ್ಲಿ ನಾನು ಮೆಲುದನಿಯಲ್ಲಿ ಮಾತಾಡಬೇಕಾಗುತ್ತದೆ. 1975ರ ನವೆಂಬರ್ 11ರಂದು ನೆಟೊ ಅಂಗೋಲದ ಮೊದಲ ಅಧ್ಯಕ್ಷನಾದ. ಒಂದು ತಿಂಗಳಲ್ಲಿ ಲೇಖಕರ ಒಕ್ಕೂಟ ಹುಟ್ಟಿತು. ಆ ಹೊತ್ತಿಗೆ ಎಲ್ಲ ಚೆನ್ನಾಗಿ ಕಂಡಿತು. 1977ರ ಮೇ 27ರಂದು ಅವನದೇ ಪಕ್ಷದ ನಿಟೊ ಆಲ್ವೆಸ್ ಬಣ ದಂಗೆ ಎದ್ದಿತು. ಅದನ್ನು ಅಡಗಿಸಿದ ಮೇಲೆ ನಡೆದ ಬೇಟೆಯಲ್ಲಿ ವಿಚಾರಣೆಯಿಲ್ಲದೆ ಸತ್ತವರು ಸಾವಿರಾರು. ಅಂಗೋಲದ ಸರ್ಕಾರ ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ವಿರಿಯಾಟೊ ಅಷ್ಟರಲ್ಲಿ ಬೀಜಿಂಗ್‌ನಲ್ಲಿ ಒಂಟಿಯಾಗಿ ಸತ್ತಿದ್ದ, 1973ರಲ್ಲಿ. ಅಂದ್ರಾಡೆ ನೆಟೊ ಜೊತೆ ಮುರಿದುಕೊಂಡು ಗಿನಿ-ಬಿಸಾವ್‌ಗೆ ಹೋಗಿ ಅಲ್ಲಿನ ಸಂಸ್ಕೃತಿ ಖಾತೆ ನೋಡಿಕೊಂಡ, 1980ರ ದಂಗೆಯ ನಂತರ ಅಲ್ಲಿಂದಲೂ ಹೊರಬಿದ್ದ. ಲಿಸ್ಬನ್ನಿನ ಆ ಮನೆಯಲ್ಲಿ ಒಟ್ಟಿಗೆ ಕೂತಿದ್ದ ಇಬ್ಬರು ಒಂದೇ ದೇಶದಲ್ಲಿ ಬಾಳಲಾಗಲಿಲ್ಲ. ಕಬ್ರಾಲನಂತೂ ಸ್ವಾತಂತ್ರ್ಯವನ್ನೇ ನೋಡಲಿಲ್ಲ. 1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಅವನನ್ನು ಕೊಂದದ್ದು ಅವನದೇ ಪಕ್ಷದವರು.

ಭಾಷೆಯ ವಿಷಯದಲ್ಲಿ ನಾನು ಕಬ್ರಾಲನನ್ನೂ ಪೂರ್ತಿ ಒಪ್ಪುವುದಿಲ್ಲ. ಪೋರ್ಚುಗೀಸರು ಬಿಟ್ಟುಹೋಗುವ ಒಳ್ಳೆಯ ವಸ್ತುಗಳಲ್ಲಿ ಅವರ ಭಾಷೆಯೂ ಒಂದು ಎಂದು ಅವನು ಹೇಳುತ್ತಿದ್ದ. ವಿಜ್ಞಾನಕ್ಕೆ ಅದೇ ದಾರಿ, ಕ್ರಿಯೋಲ್‌ಗೆ ಇನ್ನೂ ಬರಹದ ರೂಢಿಯಿಲ್ಲ ಎಂಬುದು ಅವನ ಲೆಕ್ಕ. ವಿಮೋಚಿತ ಪ್ರದೇಶದ ಕಾಡಿನ ಶಾಲೆಗಳಿಗೆ ಸ್ವೀಡನ್‌ನಲ್ಲಿ ಅಚ್ಚಾಗಿ ಬಂದ ಪಠ್ಯಪುಸ್ತಕಗಳೂ ಪೋರ್ಚುಗೀಸಿನವೇ. ರೇಡಿಯೊಗೆ ಕ್ರಿಯೋಲ್, ಶಾಲೆಗೆ ಪೋರ್ಚುಗೀಸ್. ಯುದ್ಧದ ತುರ್ತಿನಲ್ಲಿ ಅದು ಸರಿಯಿದ್ದಿರಬಹುದು. ಆದರೆ ತುರ್ತು ಮುಗಿದ ಮೇಲೂ ಏರ್ಪಾಡು ಹಾಗೇ ಉಳಿಯಿತು. ಇವತ್ತಿಗೂ ಗಿನಿ-ಬಿಸಾವ್‌ನ ಆಡಳಿತ ಭಾಷೆ ಪೋರ್ಚುಗೀಸ್, ಸಂತೆಯ ಭಾಷೆ ಕ್ರಿಯೋಲ್. ಆ ಕ್ರಿಯೋಲ್‌ನಲ್ಲಿ ಹಾಡಿ ಸೆರೆ ಕಂಡ ಶ್ವಾರ್ಜ್ ಸ್ವಾತಂತ್ರ್ಯದ ನಂತರ ಹೊಸ ಸರ್ಕಾರವನ್ನೂ ಹಾಡಿನಲ್ಲಿ ಚುಚ್ಚತೊಡಗಿದ್ದ. ಅವನನ್ನು ಕ್ಯೂಬದ ರಾಯಭಾರ ಕಚೇರಿಗೆ ಕಳಿಸಿದರು. 1977ರಲ್ಲಿ ಹವಾನಾ ಬಳಿ ವಿಮಾನ ಬಿದ್ದು ಸತ್ತ. ದಿನ ಮೇ 27, ಲುವಾಂಡದಲ್ಲಿ ಕವಿಯ ಸರ್ಕಾರ ತನ್ನವರ ಬೇಟೆಗೆ ಇಳಿದ ಅದೇ ದಿನ.